ಹೊಟ್ಟೆ ತುಂಬ ತಿಂದರೂ ಸೊರಗುವ ಮುದಿ ಬೆಕ್ಕು: ಯಾವ ಪರೀಕ್ಷೆ ಮೊದಲು, ಯಾವ ಔಷಧ ಕೊನೆಗೆ

ಪ್ರಶ್ನೆ: ಡಾಕ್ಟರೇ, ನಾವು ಡೊಂಬಿವಲಿಯವರು. ನಮ್ಮ ಚಿನ್ನಿಗೆ ಈಗ 14 ವರ್ಷ, ಆಪರೇಷನ್ ಆದ ಹೆಣ್ಣು ಬೆಕ್ಕು. ಹತ್ತು ತಿಂಗಳಲ್ಲಿ 4.6 ಕಿಲೋದಿಂದ 3.4 ಕಿಲೋಗೆ ಇಳಿದಿದ್ದಾಳೆ. ಹಸಿವೇನೂ ಕಡಿಮೆಯಾಗಿಲ್ಲ, ಮೊದಲಿಗಿಂತ ಹೆಚ್ಚೇ ಕೇಳುತ್ತಾಳೆ. ವಾರಕ್ಕೆ ಎರಡು ಮೂರು ಸಲ ವಾಂತಿ, ಕೆಲವೊಮ್ಮೆ ಮೆತ್ತಗಿನ ಮಲ, ನೀರೂ ಸ್ವಲ್ಪ ಜಾಸ್ತಿ ಕುಡಿಯುತ್ತಾಳೆ, ರಾತ್ರಿ ಜೋರಾಗಿ ಕೂಗುತ್ತಾಳೆ. ಒಬ್ಬ ಡಾಕ್ಟರು ಕ್ರಿಯಾಟಿನಿನ್ 1.9 ನೋಡಿ ಕಿಡ್ನಿ ತೊಂದರೆ ಎಂದು ಅದರದೇ ಫುಡ್ ಬರೆದರು. ಅವಳು ಮೂಸಿಯೂ ನೋಡಲಿಲ್ಲ. ಇನ್ನೊಬ್ಬರು ಲಿವರ್ ಪರೀಕ್ಷೆಯ ಎಎಲ್‌ಟಿ 140 ಇದೆ ಎಂದು ಲಿವರ್ ಟಾನಿಕ್ ಕೊಟ್ಟರು. ಮೂರನೆಯವರು ಸೋನೋಗ್ರಫಿ ಮಾಡಿಸಿ, ಕರುಳಿನ ಗೋಡೆ ದಪ್ಪವಾಗಿದೆ, ಕ್ಯಾನ್ಸರ್ ಇರಬಹುದು ಎಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಮೂರು ವಾರ ಚೆನ್ನಾಗಿದ್ದಳು, ಮತ್ತೆ ಅದೇ ಪಾಡು. ಥೈರಾಯ್ಡ್ ಟಿ4 2.9, ಸಕ್ಕರೆ 190. ಎರಡೂ ಪರವಾಗಿಲ್ಲ ಎಂದಿದ್ದಾರೆ. ನಾವು ಶಾಕಾಹಾರಿಗಳು. ಡ್ರೈ ಫುಡ್ ಜೊತೆ ಮೊಸರನ್ನ ಹಾಕುತ್ತೇವೆ, ಪಕ್ಕದ ಮನೆಯ ಮೌಶಿ ಮೀನಿನ ತುಂಡು ಕೊಡುತ್ತಾರೆ. ವಯಸ್ಸಾಯಿತು, ಸುಮ್ಮನೆ ಬಿಡು ಅನ್ನುತ್ತಾರೆ ಅತ್ತೆ. ಅಮೃತಬಳ್ಳಿ ಕೊಡು ಎಂದವರೂ ಇದ್ದಾರೆ. ನಿಜವಾಗಿ ಅವಳಿಗೆ ಏನಾಗಿದೆ? ಬಯಾಪ್ಸಿ ಮಾಡಿಸಬೇಕೇ? ಮನೆಯಲ್ಲೇ ಸಲೈನ್ ಕೊಡಬಹುದೇ? ಇಲ್ಲ, ಇನ್ನು ಅವಳನ್ನು ಕಾಡಿಸದೆ ಬಿಡುವುದೇ ಸರಿಯೇ?

ಉತ್ತರ: ಮೂವರು ಡಾಕ್ಟರು ಮೂರು ಹೆಸರು ಹೇಳಿದ್ದರಿಂದ ಇಬ್ಬರದಾದರೂ ತಪ್ಪಿರಬೇಕು ಎಂಬ ಗೊಂದಲ ನಿಮ್ಮ ಪತ್ರದಲ್ಲಿ ಕಾಣುತ್ತದೆ. ಹಾಗೇನೂ ಇರಬೇಕಾಗಿಲ್ಲ. ಹತ್ತು ದಾಟಿದ ಬೆಕ್ಕಿನಲ್ಲಿ ಎರಡು ಮೂರು ಕಾಯಿಲೆ ಒಟ್ಟಿಗೆ ಇರುವುದೇ ಹೆಚ್ಚು, ಮತ್ತು ಒಂದು ಇನ್ನೊಂದರ ರಿಪೋರ್ಟನ್ನು ಮರೆಮಾಚುತ್ತದೆ. ಮೂವರೂ ಒಂದೊಂದು ಅಂಕಿಯನ್ನು ಹಿಡಿದು ಔಷಧ ಕೊಟ್ಟಿದ್ದಾರೆ. ಈಗ ಆಗಬೇಕಾದದ್ದು ಪರೀಕ್ಷೆಗಳನ್ನು ಸರಿಯಾದ ಕ್ರಮದಲ್ಲಿ ಮಾಡುವುದು. ಕ್ರಮ ತಪ್ಪಿದರೆ ಮುಂದಿನ ಪರೀಕ್ಷೆ ಕೆಡುತ್ತದೆ, ಹಣವೂ ಹೋಗುತ್ತದೆ.

ಅತ್ತೆಯವರ ಮಾತಿನಿಂದ ಶುರು ಮಾಡೋಣ. ವಯಸ್ಸಾದ ಬೆಕ್ಕು ಸ್ವಲ್ಪ ಮಾಂಸಖಂಡ ಕಳೆದುಕೊಳ್ಳುತ್ತದೆ, ನಿಜ. ಆದರೆ 4.6 ರಿಂದ 3.4 ಎಂದರೆ ದೇಹದ ಕಾಲು ಭಾಗಕ್ಕೂ ಹೆಚ್ಚು. 65 ಕಿಲೋದ ಮನುಷ್ಯ ಚೆನ್ನಾಗಿ ಊಟ ಮಾಡುತ್ತಲೇ 48 ಕಿಲೋಗೆ ಇಳಿದರೆ ಯಾರೂ ವಯಸ್ಸು ಎಂದು ಕೈಚೆಲ್ಲುವುದಿಲ್ಲ. ವಾಂತಿಯದೂ ಇದೇ ಕಥೆ. ಬೆಕ್ಕು ಕೂದಲುಂಡೆ ಕಕ್ಕುತ್ತದೆ, ಅದು ಸಹಜ ಎಂದು ಎಲ್ಲರೂ ನಂಬಿರುತ್ತಾರೆ. ತಿಂಗಳಿಗೊಮ್ಮೆ ಕೂದಲು ಬಂದರೆ ಇರಲಿ. ವಾರಕ್ಕೆ ಎರಡು ಮೂರು ಸಲ ಆಹಾರವೋ ಹಳದಿ ನೀರೋ ಬಂದರೆ ಕಾಯಿಲೆ ಎಂದೇ ಹಿಡಿಯಬೇಕು.

ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಸುಳಿವು ‘ಹಸಿವು ಕಡಿಮೆಯಾಗಿಲ್ಲ’ ಎಂಬುದು. ಹೆಚ್ಚು ತಿಂದರೂ ಸೊರಗುವ ಮುದಿ ಬೆಕ್ಕಿನಲ್ಲಿ ಮುಖ್ಯವಾಗಿ ಮೂರು ಕಾರಣ ಹುಡುಕುತ್ತೇವೆ: ಥೈರಾಯ್ಡ್ ಗ್ರಂಥಿಯ ಅತಿ ಚುರುಕು, ಸಕ್ಕರೆ ಕಾಯಿಲೆ, ತಿಂದದ್ದನ್ನು ಹೀರಿಕೊಳ್ಳದ ಕರುಳು. ಕಿಡ್ನಿ ಕಾಯಿಲೆ ಸಾಮಾನ್ಯವಾಗಿ ಹಸಿವನ್ನು ಕುಗ್ಗಿಸುತ್ತದೆ. ಕಿಡ್ನಿ ಕಾಯಿಲೆಯ ಅಂತರರಾಷ್ಟ್ರೀಯ ಐರಿಸ್ ವರ್ಗೀಕರಣದಲ್ಲಿ ಬೆಕ್ಕಿನ ಕ್ರಿಯಾಟಿನಿನ್ 1.6 ರಿಂದ 2.8 ರವರೆಗೆ ಎರಡನೇ ಹಂತ. 5 ದಾಟಿದರೆ ನಾಲ್ಕನೆಯದು. 1.9 ಎಂದರೆ ಎರಡನೇ ಹಂತದ ಆರಂಭ. ಅಷ್ಟರಿಂದ ಇಷ್ಟು ತೂಕ ಇಳಿಯುವುದಿಲ್ಲ. ಹಾಗೆಂದು ಆ ಅಂಕಿಯನ್ನು ತಳ್ಳಿಹಾಕುವಂತೆಯೂ ಇಲ್ಲ. ಕಿಡ್ನಿ ಸೋಸಿ ಹೊರಹಾಕಬೇಕಾದ ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಲ್ಲಿ. ಖಂಡ ಕರಗಿದ ಬೆಕ್ಕಿನಲ್ಲಿ ಅದು ಇರಬೇಕಾದದ್ದಕ್ಕಿಂತ ಕಡಿಮೆ ತೋರುತ್ತದೆ. ಖಂಡದ ಹಂಗಿಲ್ಲದ ಎಸ್‌ಡಿಎಂಎ ಎಂಬ ಪರೀಕ್ಷೆಯನ್ನೂ ಜೊತೆಗೆ ಮಾಡಿಸಿದರೆ ಕಿಡ್ನಿಯ ನಿಜವಾದ ಸ್ಥಿತಿ ಗೊತ್ತಾಗುತ್ತದೆ.

ಈ ಎಲ್ಲ ಓಡಾಟದಲ್ಲಿ ಒಬ್ಬರೂ ಮೂತ್ರ ಪರೀಕ್ಷೆ ಮಾಡಿಸಿದಂತೆ ಕಾಣುತ್ತಿಲ್ಲ. ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಹೆಚ್ಚು ಹೇಳುವ ಪರೀಕ್ಷೆ ಅದು. ಆರೋಗ್ಯವಂತ ಬೆಕ್ಕಿನ ಮೂತ್ರ ತುಂಬ ಸಾಂದ್ರ, ವಿಶಿಷ್ಟ ಗುರುತ್ವ 1.035 ಕ್ಕಿಂತ ಮೇಲಿರುತ್ತದೆ. ಕ್ರಿಯಾಟಿನಿನ್ 1.9 ಇದ್ದು ಮೂತ್ರ 1.018 ಬಂದರೆ ಕಿಡ್ನಿ ದುರ್ಬಲವಾಗಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ, 1.045 ಬಂದರೆ ಬೇರೆ ಕಡೆ ನೋಡಬೇಕು. ಸಕ್ಕರೆಯ ಪ್ರಶ್ನೆಗೂ ಮೂತ್ರವೇ ಉತ್ತರ ಕೊಡುತ್ತದೆ. ಹೆದರಿದ ಬೆಕ್ಕಿನ ರಕ್ತದಲ್ಲಿ ಸಕ್ಕರೆ ಸುಲಭವಾಗಿ 200 ಮುಟ್ಟುತ್ತದೆ. ಲೋಕಲ್ ಟ್ರೇನಿನ ಗರ್ದಿಯಲ್ಲಿ ಬಂದ ಬೆಕ್ಕಿಗೆ 190 ಏನೂ ಅಲ್ಲ. ಮೂತ್ರದಲ್ಲಿ ಸಕ್ಕರೆ ಇಲ್ಲದಿದ್ದರೆ, ಕಳೆದ ಒಂದೆರಡು ವಾರದ ಸರಾಸರಿ ತೋರಿಸುವ ಫ್ರಕ್ಟೋಸಮೀನ್ ಕೂಡ ಸರಿಯಿದ್ದರೆ, ಸಕ್ಕರೆ ಕಾಯಿಲೆಯನ್ನು ಬದಿಗಿಡಬಹುದು. ಆದರೆ ಸ್ಟೀರಾಯ್ಡ್ ಇಂಜೆಕ್ಷನ್ ಆದ ಬೆಕ್ಕಿಗೆ ಸಕ್ಕರೆ ಕಾಯಿಲೆ ಹೊಸದಾಗಿ ಬರಲೂಬಹುದು. ಅದಕ್ಕೇ ಹಳೆಯ ರಿಪೋರ್ಟ್ ನೆಚ್ಚದೆ ಈಗ ಮತ್ತೆ ನೋಡಬೇಕು.

ಮೂತ್ರ ಹಿಡಿಯುವುದು ಕಷ್ಟವಲ್ಲ. ರಾತ್ರಿ ಟ್ರೇಯ ಮರಳು ತೆಗೆದು, ಬಿಸಿನೀರಲ್ಲಿ ತೊಳೆದು ಒಣಗಿಸಿ ಖಾಲಿ ಇಡಿ. ಖಾಲಿ ಟ್ರೇ ಒಲ್ಲೆನೆಂದರೆ ತೊಳೆದ ಅಕ್ವೇರಿಯಂ ಕಲ್ಲು ಒಂದು ಪದರ ಹಾಕಿ. ಬೆಳಿಗ್ಗೆ ಸೂಜಿ ಇಲ್ಲದ ಸಿರಿಂಜಿನಿಂದ 3–5 ಎಂ.ಎಲ್. ಎಳೆದುಕೊಂಡು ಡಬ್ಬಿಗೆ ಹಾಕಿ. ಎರಡು ಮೂರು ಗಂಟೆಯಲ್ಲಿ ಕ್ಲಿನಿಕ್ ಮುಟ್ಟದಿದ್ದರೆ ಫ್ರಿಜ್‌ನಲ್ಲಿಡಿ. ಸೋಂಕು ನೋಡಬೇಕಿದ್ದರೆ ಮಾತ್ರ ಡಾಕ್ಟರೇ ಸೂಜಿಯಿಂದ ಮೂತ್ರಕೋಶದಿಂದ ನೇರ ತೆಗೆಯಬೇಕು.

ಇನ್ನು ಥೈರಾಯ್ಡ್ ಹಾರ್ಮೋನಾದ ಟಿ4. ಲ್ಯಾಬ್‌ಗಳು ಕೊಡುವ ವ್ಯಾಪ್ತಿ ಸುಮಾರು 0.8 ರಿಂದ 4.7. ಆ ಲೆಕ್ಕದಲ್ಲಿ 2.9 ನಾರ್ಮಲ್. ಆದರೆ ಆ ವ್ಯಾಪ್ತಿ ಎಲ್ಲ ವಯಸ್ಸಿನ ಬೆಕ್ಕುಗಳದು. ಬೇರೆ ಯಾವುದೇ ಕಾಯಿಲೆಯಿದ್ದರೆ ಟಿ4 ಕೆಳಗಿಳಿಯುತ್ತದೆ. ಹಾಗಾಗಿ ಕಾಯಿಲೆ ಬಿದ್ದ 14 ವರ್ಷದ ಬೆಕ್ಕಿನಲ್ಲಿ ಅದು ಇನ್ನೂ ಕೆಳಗಿರಬೇಕಿತ್ತು. ಹಸಿವು, ರಾತ್ರಿ ಕೂಗು, ಎಎಲ್‌ಟಿ ಏರಿಕೆ ಜೊತೆಗಿರುವಾಗ 2.9 ನೋಡಿ ಥೈರಾಯ್ಡ್ ಇಲ್ಲವೆನ್ನಲು ಬರುವುದಿಲ್ಲ. ಕತ್ತನ್ನು ಸ್ವಲ್ಪ ಮೇಲೆತ್ತಿ ಶ್ವಾಸನಾಳದ ಎರಡೂ ಬದಿ ಬೆರಳಾಡಿಸಿದರೆ ಊದಿದ ಗ್ರಂಥಿ ಹಲವು ಸಲ ಕೈಗೆ ಸಿಗುತ್ತದೆ. ಎರಡರಿಂದ ನಾಲ್ಕು ವಾರ ಬಿಟ್ಟು ಟಿ4 ಮತ್ತೆ ಮಾಡಿಸಿ, ಜೊತೆಗೆ ರಕ್ತದ ಪ್ರೋಟೀನಿಗೆ ಅಂಟದ ಟಿ4 ಮಾತ್ರ ಅಳೆಯುವ ಫ್ರೀ ಟಿ4 ಕೂಡ, ಈಕ್ವಿಲಿಬ್ರಿಯಂ ಡಯಾಲಿಸಿಸ್ ವಿಧಾನದ್ದು. ಎಎಲ್‌ಟಿ 140 ಕ್ಕೆ ಲಿವರೇ ಕಾರಣವಾಗಿರಬೇಕಿಲ್ಲ. ಥೈರಾಯ್ಡ್ ಚುರುಕಾದರೂ ಅದು ಏರುತ್ತದೆ, ಕರುಳು, ಪಿತ್ತನಾಳ ಉರಿಗೊಂಡರೂ ಏರುತ್ತದೆ. ಟಾನಿಕ್‌ನಿಂದ ಹಾನಿಯಾಗದಿರಬಹುದು, ಮೂಲವೂ ಹೋಗದು.

ಥೈರಾಯ್ಡ್ ಎಂದು ಖಚಿತವಾದರೆ ಮೆಥಿಮಜೋಲ್ 1.25 ರಿಂದ 2.5 ಮಿಗ್ರಾಂ ದಿನಕ್ಕೆರಡು ಬಾರಿ ಎಂಬ ಸಣ್ಣ ಪ್ರಮಾಣದಿಂದ ಶುರು ಮಾಡುತ್ತಾರೆ. ನಮ್ಮಲ್ಲಿ ಸುಲಭವಾಗಿ ಸಿಗುವ ಕಾರ್ಬಿಮಜೋಲ್ ದೇಹದೊಳಗೆ ಹೋಗಿ ಮೆಥಿಮಜೋಲ್ ಆಗುತ್ತದೆ. ಆದರೆ 10 ಮಿಗ್ರಾಂ ಕಾರ್ಬಿಮಜೋಲ್ ಸುಮಾರು 6 ಮಿಗ್ರಾಂ ಮೆಥಿಮಜೋಲ್‌ಗೆ ಸಮ. ಒಂದರ ಬದಲು ಇನ್ನೊಂದನ್ನು ಅದೇ ಅಳತೆಯಲ್ಲಿ ಕೊಡುವಂತಿಲ್ಲ. ಸಣ್ಣದರಿಂದ ಶುರು ಮಾಡಲು ಕಾರಣ ಕಿಡ್ನಿ. ಥೈರಾಯ್ಡ್ ಚುರುಕಾಗಿರುವಾಗ ಕಿಡ್ನಿಗೆ ರಕ್ತ ಜಾಸ್ತಿ ಹರಿದು ಕ್ರಿಯಾಟಿನಿನ್ ಕಡಿಮೆ ಕಾಣುತ್ತದೆ. ಔಷಧದಿಂದ ಅದು ತಗ್ಗಿದಾಗ 1.9 ಇದ್ದದ್ದು 2.6 ಆಗಬಹುದು. ಔಷಧ ಕಿಡ್ನಿ ಕೆಡಿಸಿತು ಎಂದು ಗಾಬರಿಯಾಗಿ ಹಲವರು ನಿಲ್ಲಿಸಿಬಿಡುತ್ತಾರೆ. ಮುಚ್ಚಿದ್ದ ಕಿಡ್ನಿ ದೌರ್ಬಲ್ಯ ಹೊರಬಂದಿರುತ್ತದೆ ಅಷ್ಟೆ. ಮೊದಲ ಮೂರು ತಿಂಗಳು ಮುಖ ಕೆರೆದುಕೊಳ್ಳುವುದು, ವಾಂತಿ ಹೆಚ್ಚುವುದು, ಬಿಳಿ ರಕ್ತಕಣ ಇಳಿಯುವುದು ಆಗಬಹುದು. ಆದ್ದರಿಂದ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಪರೀಕ್ಷೆ ಬೇಕು.

ರಾತ್ರಿ ಕೂಗುವ ಮುದಿ ಬೆಕ್ಕಿನ ಬಿಪಿ ನೋಡದೆ ಬಿಡಬಾರದು. ಕಿಡ್ನಿಯಿಂದಲೂ ಥೈರಾಯ್ಡಿನಿಂದಲೂ ಬಿಪಿ ಏರುತ್ತದೆ, ಏರಿದ ಬಿಪಿ ಒಂದೇ ರಾತ್ರಿಯಲ್ಲಿ ಕಣ್ಣಿನ ಪರದೆ ಕಳಚಿ ಕುರುಡಾಗಿಸಬಲ್ಲದು. ಕ್ಲಿನಿಕ್‌ನಲ್ಲಿ ಹತ್ತು ನಿಮಿಷ ಸುಮ್ಮನೆ ಕೂರಿಸಿ, ಮೊದಲ ಓದು ಬಿಟ್ಟು, ಐದಾರು ಓದಿನ ಸರಾಸರಿ ತೆಗೆಯಬೇಕು. ಮತ್ತೆ ಮತ್ತೆ 160 ದಾಟಿದರೆ ಅಮ್ಲೊಡಿಪಿನ್ 0.625 ಮಿಗ್ರಾಂ ದಿನಕ್ಕೊಮ್ಮೆ, ಅಂದರೆ 2.5 ಮಿಗ್ರಾಂ ಮಾತ್ರೆಯ ಕಾಲು ಭಾಗ. ಇಲ್ಲೊಂದು ಎಚ್ಚರಿಕೆ: ಅಂಗಡಿಯಲ್ಲಿ ಎಸ್-ಅಮ್ಲೊಡಿಪಿನ್ ಎಂಬುದೂ ಸಿಗುತ್ತದೆ. ಅದರ 2.5 ಮಿಗ್ರಾಂ ಸಾದಾ ಅಮ್ಲೊಡಿಪಿನ್‌ನ 5 ಮಿಗ್ರಾಂಗೆ ಸಮ. ಚೀಟಿಯಲ್ಲಿ ಯಾವುದಿದೆಯೋ ಅದನ್ನೇ ಕೇಳಿ ಪಡೆಯಿರಿ.

ಈಗ ಕರುಳು. ವಾಂತಿ, ಮೆತ್ತನೆ ಮಲ, ದಪ್ಪ ಗೋಡೆ ಮೂರೂ ಸೇರಿದಾಗ ನನ್ನ ಅನುಮಾನವೂ ಅತ್ತಲೇ ಹೋಗುತ್ತದೆ. ಮುದಿ ಬೆಕ್ಕಿನ ಕರುಳಿನಲ್ಲಿ ಎರಡು ಕಾಯಿಲೆ ಒಂದರಂತೆ ಇನ್ನೊಂದು ಕಾಣುತ್ತವೆ: ಐಬಿಡಿ ಎನ್ನುವ ದೀರ್ಘಕಾಲದ ಉರಿಯೂತ, ಮತ್ತು ನಿಧಾನವಾಗಿ ಬೆಳೆಯುವ ಸಣ್ಣ ಕೋಶದ ಲಿಂಫೋಮಾ ಎಂಬ ಕ್ಯಾನ್ಸರ್. ಸೋನೋಗ್ರಫಿ ಇವೆರಡನ್ನು ಬೇರ್ಪಡಿಸಲಾರದು. ಸ್ಟೀರಾಯ್ಡ್‌ಗೆ ಎರಡೂ ಬಗ್ಗುತ್ತವೆ, ಹಾಗಾಗಿ ಆ ಮೂರು ವಾರದ ಸುಖದಿಂದ ಯಾವುದೂ ಸಾಬೀತಾಗಲಿಲ್ಲ. ‘ಕ್ಯಾನ್ಸರ್’ ಎಂಬ ಶಬ್ದ ಕೇಳಿ ನೀವು ಧೈರ್ಯಗುಂದಿದ್ದೀರಿ. ಈ ಬಗೆಯ ಲಿಂಫೋಮಾ ಮಾತ್ರೆಗೆ ಚೆನ್ನಾಗಿ ಸ್ಪಂದಿಸುತ್ತದೆ, ಚಿಕಿತ್ಸೆಯಲ್ಲಿ ಎರಡು ವರ್ಷ, ಅದಕ್ಕೂ ಹೆಚ್ಚು ಕಾಲ ಹಾಯಾಗಿ ಬದುಕುವ ಬೆಕ್ಕುಗಳು ಬಹಳ. ಬೇಗ ಕೊಲ್ಲುವುದು ದೊಡ್ಡ ಕೋಶದ ಬಗೆ. ಅದರಲ್ಲಿ ಸಾಮಾನ್ಯವಾಗಿ ಹಸಿವು ಸತ್ತು ವಾರಗಳಲ್ಲೇ ಸ್ಥಿತಿ ಕುಸಿಯುತ್ತದೆ. ಚಿನ್ನಿಯ ಹತ್ತು ತಿಂಗಳ ಚರಿತ್ರೆ ಅದಕ್ಕೆ ಹೊಂದುವುದಿಲ್ಲ.

ಕರುಳಿಗೆ ಮೊದಲು ಮಲ ಪರೀಕ್ಷೆ ಮತ್ತು ಜಂತಿನ ಔಷಧ. ನಂತರ ರಕ್ತದಲ್ಲಿ ಬಿ12 ಮತ್ತು ಫೋಲೇಟ್. ಸಣ್ಣ ಕರುಳಿನ ಕೊನೆಯ ಭಾಗ ಕೆಟ್ಟರೆ ಬಿ12 ಹೀರಲಾಗದು. ಬಿ12 ಇಲ್ಲದೆ ಉಳಿದ ಯಾವ ಔಷಧವೂ ಸರಿಯಾಗಿ ಹಿಡಿಯದು. ಮನುಷ್ಯರ ಲ್ಯಾಬ್‌ಗೆ ರಕ್ತ ಹೋದರೆ ರಿಪೋರ್ಟಿನ ಬದಿಯಲ್ಲಿ ಮನುಷ್ಯರ ವ್ಯಾಪ್ತಿ ಇರುತ್ತದೆ. ಅದರ ಪ್ರಕಾರ 250 ನಾರ್ಮಲ್, ಬೆಕ್ಕಿಗೆ ಕೊರತೆ. ಬೆಕ್ಕಿನ ಕೆಳಮಿತಿ ಸುಮಾರು 290, ಅನೇಕರು 400 ರ ಕೆಳಗಿದ್ದರೇ ಕೊಡಲು ಶುರು ಮಾಡುತ್ತಾರೆ. ವಾರಕ್ಕೊಮ್ಮೆ 250 ಮೈಕ್ರೋಗ್ರಾಂ ಚರ್ಮದ ಕೆಳಗೆ, ಆರು ವಾರ, ಒಂದು ತಿಂಗಳ ನಂತರ ಇನ್ನೊಂದು. ಬಿ1, ಬಿ6 ಬೆರೆಸಿದ ಇಂಜೆಕ್ಷನ್ ಬೇಡ, ಉರಿಯುತ್ತದೆ. ಇಂಜೆಕ್ಷನ್ ಆಗದವರಿಗೆ ದಿನಕ್ಕೆ 250 ಮೈಕ್ರೋಗ್ರಾಂ ಬಾಯಿಯ ಮೂಲಕವೂ ಕೆಲಸ ಮಾಡುತ್ತದೆ. ಇದರಲ್ಲಿ ಅಪಾಯವೆಂಬುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಇಷ್ಟರ ಜೊತೆಗೇ ಆಹಾರದ ಪ್ರಯೋಗ. ಇದನ್ನು ಸ್ಟೀರಾಯ್ಡ್‌ಗೆ ಮೊದಲು ಮಾಡಬೇಕು. ಪ್ರೋಟೀನನ್ನು ಚೂರು ಚೂರು ಮಾಡಿದ ‘ಹೈಡ್ರೊಲೈಸ್ಡ್’ ಆಹಾರವನ್ನು ಡಾಕ್ಟರು ಬರೆದುಕೊಡುತ್ತಾರೆ. ಅಥವಾ ಅವಳು ಹಿಂದೆಂದೂ ತಿನ್ನದ ಮಾಂಸದ ಆಹಾರ. ಹಳೆಯದರಲ್ಲಿ ಬೆರೆಸುತ್ತಾ ಐದಾರು ದಿನದಲ್ಲಿ ಪೂರ್ತಿ ಬದಲಾಯಿಸಿ, ಆಮೇಲೆ ಎರಡು ಮೂರು ವಾರ ಅದೊಂದೇ. ವಾಂತಿ ಆಹಾರದಿಂದಲೇ ಬರುತ್ತಿದ್ದರೆ ಅಷ್ಟರಲ್ಲಿ ವ್ಯತ್ಯಾಸ ಕಾಣಬೇಕು. ಪ್ರಯೋಗ ಸೋಲುವುದು ಬಹುತೇಕ ಮನೆಯವರಿಂದ: ಒಂದು ಚಮಚ ಮೊಸರನ್ನ, ಮಗು ಎಸೆದ ಬಿಸ್ಕೆಟ್ ತುಂಡು, ಮಾತ್ರೆಗೆ ಸವರಿದ ಬೆಣ್ಣೆ. ಮೌಶಿಗೂ ಹೇಳಿ, ಮೂರು ವಾರ ಮೀನು ಬೇಡವೆಂದು. ಪ್ರೀತಿಯಿಂದ ಕೊಡುವವರಿಗೆ ಕಾರಣ ಬಿಡಿಸಿ ಹೇಳಿದರೆ ಅವರೇ ಕಾವಲು ನಿಲ್ಲುತ್ತಾರೆ.

ಮೊಸರನ್ನದ ವಿಷಯ ಬಂತು. ಬೆಕ್ಕು ಮಾಂಸದಿಂದಲೇ ಬದುಕುವ ಪ್ರಾಣಿ. ಟಾರಿನ್ ಎಂಬ ಅಂಶ ಅದಕ್ಕೆ ಹೊರಗಿನಿಂದಲೇ ಸಿಗಬೇಕು, ಅದು ಸಸ್ಯಾಹಾರದಲ್ಲಿಲ್ಲ. ಕೊರತೆಯಾದರೆ ಹೃದಯದ ಖಂಡ ಸಡಿಲವಾಗಿ ಹಿಗ್ಗುತ್ತದೆ, ಕಣ್ಣಿನ ಪರದೆಯೂ ಕೆಡುತ್ತದೆ. ನೀವು ಡ್ರೈ ಫುಡ್ ಕೊಡುವುದರಿಂದ ಅಷ್ಟು ಭಯವಿಲ್ಲ, ಆದರೆ ಅನ್ನ ಹೊಟ್ಟೆ ತುಂಬಿಸಿ ಪ್ರೋಟೀನಿಗೆ ಜಾಗ ಬಿಡುವುದಿಲ್ಲ. ಚಿನ್ನಿಗೆ ದಿನಕ್ಕೆ ಕನಿಷ್ಠ 220–250 ಕ್ಯಾಲೊರಿ ಬೇಕು, ನಾಲ್ಕೈದು ಸಣ್ಣ ಊಟಗಳಾಗಿ. 85 ಗ್ರಾಂ ಪೌಚಿನಲ್ಲಿ ಸುಮಾರು 70–80 ಕ್ಯಾಲೊರಿ ಇರುತ್ತದೆ. ಪ್ಯಾಕೆಟ್ ಆಹಾರ ನಿಮ್ಮ ಅಡುಗೆಮನೆಗೆ ಬರುವುದು ಇಷ್ಟವಿಲ್ಲದಿದ್ದರೆ ಬಾಲ್ಕನಿಯಲ್ಲಿ ಅವಳದೇ ತಟ್ಟೆ, ಚಮಚ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ತೆರೆದ ಡ್ರೈ ಫುಡ್ ಬೇಗ ಕಮಟುತ್ತದೆ, ಬೂಷ್ಟೂ ಹಿಡಿಯುತ್ತದೆ. ಸಣ್ಣ ಪ್ಯಾಕ್ ತಂದು ಗಾಳಿಯಾಡದ ಡಬ್ಬಿಯಲ್ಲಿಡಿ.

ಕಿಡ್ನಿ ಫುಡ್ ಅವಳು ಮುಟ್ಟದಿದ್ದುದಕ್ಕೆ ಬೇಸರ ಬೇಡ. ರಕ್ತದಲ್ಲಿ ರಂಜಕ (ಫಾಸ್ಫರಸ್) ಏರದೆ, ಎರಡನೇ ಹಂತದ ಆರಂಭದಲ್ಲಿ, ಮೈಯಲ್ಲಿ ಖಂಡವೇ ಇಲ್ಲದ ಬೆಕ್ಕಿಗೆ ಪ್ರೋಟೀನ್ ಕಡಿತ ಮಾಡುವ ಅವಸರ ಬೇಕಿಲ್ಲ. ಅವಳು ತಿನ್ನುವುದು ಮುಖ್ಯ. ಸಲೈನ್ ಕೂಡ ಈಗ ಬೇಡ. ತಾನಾಗಿ ತಿಂದು ಕುಡಿಯುವ ಬೆಕ್ಕಿಗೆ ಅದರಿಂದ ಲಾಭವಿಲ್ಲ, ಹೃದಯ ದುರ್ಬಲವಾಗಿದ್ದರೆ ಎದೆಯಲ್ಲಿ ನೀರು ತುಂಬುತ್ತದೆ. ಮುಂದೆ ಕಿಡ್ನಿ ಇಳಿದು ನಿರ್ಜಲತೆ ಬಂದರೆ, ಡಾಕ್ಟರು ಹೃದಯ ನೋಡಿ ಒಪ್ಪಿದ ಮೇಲೆ, ಉಗುರುಬೆಚ್ಚಗಿನ ರಿಂಗರ್ ಲ್ಯಾಕ್ಟೇಟ್ 75–100 ಎಂ.ಎಲ್. ಭುಜಗಳ ನಡುವಿನ ಸಡಿಲ ಚರ್ಮದ ಕೆಳಗೆ ಕೊಡುವುದನ್ನು ಕ್ಲಿನಿಕ್‌ನಲ್ಲೇ ಕಲಿಸುತ್ತಾರೆ. ಡೆಕ್ಸ್‌ಟ್ರೋಸ್ ಬಾಟಲಿ ಮಾತ್ರ ಚರ್ಮದ ಕೆಳಗೆ ಬೇಡ, ಕೀವಾಗುವ ಅಪಾಯವಿದೆ.

ಥೈರಾಯ್ಡ್, ಸಕ್ಕರೆ, ಜಂತು ಇಲ್ಲವೆಂದಾಗಿ, ಆಹಾರ ಬದಲಿಸಿಯೂ ಗುಣ ಕಾಣದಿದ್ದರೆ ಆಗ ಬಯಾಪ್ಸಿಯ ಪ್ರಶ್ನೆ. ದಾರಿ ಮೂರು. ಎಂಡೋಸ್ಕೋಪಿಯಲ್ಲಿ ಹೊಟ್ಟೆ ಕೊಯ್ಯುವುದಿಲ್ಲ, ಅಂದೇ ಮನೆಗೆ ಬರಬಹುದು. ಆದರೆ ಕರುಳಿನ ಒಳಪದರದ ಚೂರಷ್ಟೇ ಸಿಗುತ್ತದೆ, ನಳಿಕೆ ಮುಟ್ಟದ ಭಾಗ ಬಿಟ್ಟುಹೋಗುತ್ತದೆ. ಹೊಟ್ಟೆ ತೆರೆದು ಪೂರ್ತಿ ದಪ್ಪದ ತುಂಡು ತೆಗೆದರೆ ಉತ್ತರ ಹೆಚ್ಚು ಸ್ಪಷ್ಟ, ಅಪಾಯವೂ ಹೆಚ್ಚು: ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಕಡಿಮೆಯಿರುವ ಬಡಕಲು ಬೆಕ್ಕಿನಲ್ಲಿ ಕರುಳಿನ ಹೊಲಿಗೆ ಬಿಟ್ಟುಕೊಂಡರೆ ಜೀವಕ್ಕೇ ಕುತ್ತು. ಅರಿವಳಿಕೆಗೆ ಮುನ್ನ ಹೃದಯದ ಎಕೋ ಎರಡರಲ್ಲೂ ಬೇಕು. ಮೂರನೆಯ ದಾರಿ, ಬಯಾಪ್ಸಿ ಇಲ್ಲದೆ ಚಿಕಿತ್ಸೆ. 14 ವರ್ಷದ ಬೆಕ್ಕಿಗೆ ಇದನ್ನು ಆರಿಸಿಕೊಂಡವರು ತಪ್ಪು ಮಾಡಿದಂತೆ ಖಂಡಿತ ಅಲ್ಲ. ಎರಡೂ ಕಾಯಿಲೆಯ ಮೊದಲ ಔಷಧ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಒಂದೇ ಆಗಿರುವುದರಿಂದ, ಉತ್ತರ ತಿಳಿದರೂ ಆರಂಭದ ಚಿಕಿತ್ಸೆ ಬಹಳ ಬದಲಾಗುವುದಿಲ್ಲ. ಬಯಾಪ್ಸಿ ಮಾಡಿಸುವುದೇ ಆದರೆ ಆ ಇಂಜೆಕ್ಷನ್‌ನ ಪ್ರಭಾವ ಇಳಿಯಲು ಕೆಲವು ವಾರ ಕಾಯಿರಿ, ಇಲ್ಲದಿದ್ದರೆ ತುಂಡಿನಲ್ಲಿ ಕಾಯಿಲೆ ಸರಿಯಾಗಿ ಕಾಣದು.

ಪ್ರೆಡ್ನಿಸೊಲೋನ್ ಮಾತ್ರೆ ಅವಳ ತೂಕಕ್ಕೆ ದಿನಕ್ಕೆ 5 ಮಿಗ್ರಾಂ ಆಸುಪಾಸಿನಿಂದ ಶುರುವಾಗಿ, ಗುಣ ಕಂಡ ಮೇಲೆ ಎರಡು ಮೂರು ವಾರಕ್ಕೊಮ್ಮೆ ಕಾಲು ಭಾಗದಂತೆ ಇಳಿಯುತ್ತದೆ. ದೀರ್ಘಕಾಲದ ಇಂಜೆಕ್ಷನ್‌ಗಿಂತ ನಾನು ಮಾತ್ರೆಯನ್ನೇ ಒಪ್ಪುವುದು, ಯಾಕೆಂದರೆ ತೊಂದರೆಯಾದರೆ ಮಾತ್ರೆಯನ್ನು ಇಳಿಸಬಹುದು, ಒಳಗೆ ಹೋದ ಇಂಜೆಕ್ಷನ್ ಹಿಂದೆ ತೆಗೆಯಲಾಗದು. ನೀರು, ಮೂತ್ರ ಒಮ್ಮೆಲೇ ಹೆಚ್ಚಿದರೆ ಸಕ್ಕರೆ ನೋಡಿಸಿ. ವಾರಗಟ್ಟಲೆ ಕೊಟ್ಟ ಮಾತ್ರೆಯನ್ನು ಒಂದೇ ದಿನ ನಿಲ್ಲಿಸಬೇಡಿ. ಇದಕ್ಕೆ ಬಗ್ಗದಿದ್ದರೆ ಕ್ಲೋರಾಂಬುಸಿಲ್ ಎಂಬ ಕ್ಯಾನ್ಸರ್ ಮಾತ್ರೆ 2 ಮಿಗ್ರಾಂ, ಸಾಮಾನ್ಯವಾಗಿ ದಿನ ಬಿಟ್ಟು ದಿನ. ಅದನ್ನು ತುಂಡು ಮಾಡಬಾರದು, ಕೈಗವಸು ಹಾಕಿ ಕೊಡಬೇಕು, ಫ್ರಿಜ್‌ನಲ್ಲಿಡಬೇಕು, ಗರ್ಭಿಣಿಯರು ಮುಟ್ಟಬಾರದು, ಅವಳ ಟ್ರೇಯನ್ನೂ ಕೈಗವಸಿನಲ್ಲೇ ಸ್ವಚ್ಛ ಮಾಡಬೇಕು. ರಕ್ತಕಣ ಇಳಿಯುತ್ತವೆಯೇ ಎಂದು ಆಗಾಗ ಪರೀಕ್ಷೆ ಇರುತ್ತದೆ. ಯಾವುದೇ ಮಾತ್ರೆಯ ಹಿಂದೆ ಸಿರಿಂಜಿನಿಂದ 3–5 ಎಂ.ಎಲ್. ನೀರು ಮೆಲ್ಲಗೆ ಕುಡಿಸಿ. ಒಣಗಿದ ಮಾತ್ರೆ ಅನ್ನನಾಳದಲ್ಲಿ ಅಂಟಿ ಹುಣ್ಣಾಗುತ್ತದೆ.

ಅಮೃತಬಳ್ಳಿ ಬೇಡ. ಮನುಷ್ಯರ ಲಿವರ್ ಹಲವು ರಾಸಾಯನಿಕಗಳನ್ನು ಗ್ಲುಕುರೋನಿಕ್ ಆಮ್ಲ ಜೋಡಿಸಿ ಹೊರಹಾಕುತ್ತದೆ. ಬೆಕ್ಕಿನಲ್ಲಿ ಆ ಶಕ್ತಿ ತೀರಾ ಕಡಿಮೆ. ನಮಗೆ ನಿರುಪದ್ರವಿಯಾದ ಪ್ಯಾರಾಸಿಟಮಾಲ್ ಅರ್ಧ ಮಾತ್ರೆ ಬೆಕ್ಕನ್ನು ಕೊಲ್ಲುವುದು ಇದರಿಂದಲೇ. ಬೇರು ನಾರೂ ಅದೇ ಲಿವರಿನ ಮೂಲಕವೇ ಹೋಗಬೇಕು, ಅದೂ ಎಎಲ್‌ಟಿ ಈಗಾಗಲೇ ಏರಿರುವಾಗ.

ಇಷ್ಟೆಲ್ಲ ಪರೀಕ್ಷೆಗೆ ಹಲವು ಕ್ಲಿನಿಕ್ ಅಲೆಯಬೇಕಿಲ್ಲ. ಬಿಪಿ ಯಂತ್ರ ಮತ್ತು ಎಕೋ ಇರುವ ಒಂದೇ ಜಾಗ ಹಿಡಿದು, ಒಮ್ಮೆ ತೆಗೆದ ರಕ್ತದಲ್ಲೇ ಎಲ್ಲ ಕಳಿಸಲು ಕೇಳಿ. ಪರೇಲಿನಲ್ಲಿ 1886 ರಲ್ಲಿ ಸ್ಥಾಪನೆಯಾದ ಪಶುವೈದ್ಯಕೀಯ ಕಾಲೇಜಿದೆ, ಅಲ್ಲೇ ಪ್ರಾಣಿಗಳ ಹಳೆಯ ಆಸ್ಪತ್ರೆಯೂ ಇದೆ. ಡೊಂಬಿವಲಿಯಿಂದ ನೇರ ಸೆಂಟ್ರಲ್ ಲೈನ್. ಗರ್ದಿಯ ಹೊತ್ತು ತಪ್ಪಿಸಿ, ಬುಟ್ಟಿಗೆ ಅವಳು ಮಲಗುವ ಬಟ್ಟೆ ಹೊದಿಸಿ. ತುಂಬ ಹೆದರುವವಳಾದರೆ ಎರಡು ಗಂಟೆ ಮೊದಲು ಕೊಡುವ ಗ್ಯಾಬಪೆಂಟಿನ್ ಬಗ್ಗೆ ಕೇಳಿ. ಸಾಮಾನ್ಯ ಪ್ರಮಾಣ 50–100 ಮಿಗ್ರಾಂ, ಆದರೆ ಕಿಡ್ನಿ ಅನುಮಾನವಿರುವ ಅವಳಿಗೆ ಇನ್ನೂ ಕಡಿಮೆ ಸಾಕು, ಮತ್ತು ಬಿಪಿ ನೋಡುವ ಡಾಕ್ಟರಿಗೆ ಕೊಟ್ಟಿದ್ದನ್ನು ತಿಳಿಸಿ. ಮೂರೂ ಡಾಕ್ಟರ ರಿಪೋರ್ಟು, ಇಂಜೆಕ್ಷನ್‌ನ ಹೆಸರು ಮತ್ತು ತಾರೀಕು, ವಾಂತಿಯ ಫೋಟೋ ಜೊತೆಗಿರಲಿ. ಮನೆಯಲ್ಲಿ ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ಬರೆಯಿರಿ. ಕುಡಿಯುವ ನೀರನ್ನೂ ಅಳೆಯಿರಿ, ದಿನಕ್ಕೆ ಕಿಲೋಗೆ 100 ಎಂ.ಎಲ್. ದಾಟಿದರೆ, ಅಂದರೆ ಅವಳಿಗೆ 340, ಅದು ಖಂಡಿತ ಅತಿಯಾಯಿತು.

ಬಿಟ್ಟುಬಿಡುವುದೇ ಸರಿಯೇ ಎಂದು ಕೇಳಿದ್ದೀರಿ. ಹಸಿದು ಊಟ ಕೇಳುವ, ಕಾರಣ ಇನ್ನೂ ಹುಡುಕದ, ಸಿಕ್ಕರೆ ಬಹುಪಾಲು ಮಾತ್ರೆಗೇ ಬಗ್ಗಬಹುದಾದ ಬೆಕ್ಕಿನ ವಿಷಯದಲ್ಲಿ ಈಗಲ್ಲ. ಆದರೆ ಪ್ರತಿ ಮಾತ್ರೆಯೂ ಕುಸ್ತಿಯಾಗಿ, ಅವಳು ನಿಮ್ಮನ್ನು ಕಂಡರೆ ಅಡಗುವಂತಾದರೆ, ಚಿಕಿತ್ಸೆಯನ್ನು ಬಿ12, ಆಹಾರ, ಬಿಪಿ ಮಾತ್ರೆ ಇಷ್ಟಕ್ಕೇ ಇಳಿಸುವ ಹಕ್ಕು ನಿಮಗಿದೆ. ಅದೂ ಚಿಕಿತ್ಸೆಯೇ. ತಾನಾಗಿ ತಿನ್ನುವುದು, ಮೈ ನೆಕ್ಕಿಕೊಳ್ಳುವುದು, ಟ್ರೇಗೆ ನಡೆದು ಹೋಗುವುದು, ನಿಮ್ಮ ಬಳಿ ಬಂದು ಕೂರುವುದು, ಈ ನಾಲ್ಕರಲ್ಲಿ ಹೆಚ್ಚಿನವು ನಿಂತು, ಔಷಧದಿಂದಲೂ ಮರಳದಿದ್ದಾಗ ದಯಾಮರಣದ ಮಾತನ್ನು ಡಾಕ್ಟರ ಬಳಿ ಎತ್ತಿ.

ಈ ನಡುವೆ ಕೆಲವನ್ನು ಕಂಡರೆ ನಾಳೆಗೆ ಮುಂದೂಡಬೇಡಿ: ಒಂದಿಡೀ ದಿನ ಏನೂ ತಿನ್ನದಿರುವುದು, ಏಕೆಂದರೆ ಉಪವಾಸ ಬಿದ್ದ ಬೆಕ್ಕಿನ ಲಿವರಿನಲ್ಲಿ ಎರಡು ಮೂರು ದಿನದಲ್ಲೇ ಕೊಬ್ಬು ತುಂಬತೊಡಗುತ್ತದೆ, ಬಾಯಿ ತೆರೆದು ಉಸಿರಾಟ, ಅಥವಾ ನಿದ್ದೆಯಲ್ಲಿ ನಿಮಿಷಕ್ಕೆ 30 ಕ್ಕಿಂತ ಹೆಚ್ಚು ಉಸಿರು, ಹಠಾತ್ತನೆ ಗೋಡೆಗೆ ಢಿಕ್ಕಿ ಹೊಡೆಯುವುದು, ಪಾಪೆ ಹಿಗ್ಗಿ ಹಾಗೇ ಉಳಿಯುವುದು, ಹಿಂಗಾಲು ತಣ್ಣಗಾಗಿ ಎಳೆಯುವುದು, ಕಪ್ಪು ಟಾರಿನಂಥ ಮಲ, ವಾಂತಿಯಲ್ಲಿ ರಕ್ತ. ಇವುಗಳಲ್ಲಿ ಯಾವುದಾದರೂ ಕಂಡರೆ ರಾತ್ರಿ ತೆರೆದಿರುವ ಕ್ಲಿನಿಕ್‌ಗೆ ಹೋಗಿ. ಅದರ ವಿಳಾಸ, ಫೋನ್ ನಂಬರನ್ನು ಇವತ್ತೇ ವಿಚಾರಿಸಿ ಬರೆದಿಟ್ಟುಕೊಳ್ಳಿ.